ಘಾಟು

ನಮ್ಮ ಲ್ಯಾಬಿನಲ್ಲಿ ಕೆಂಪಿಗೊಂದು ಅಂಕಿ ಇದೆ.
ಮೆಣಸಿನಕಾಯಿ ಕುಟ್ಟಿ, ಚಿಟಿಕೆಯಷ್ಟು ತೂಗಿ,
ಅಸಿಟೋನಿನಲ್ಲಿ ನೆನೆಹಾಕಿ
ಹದಿನಾರು ತಾಸು ಕತ್ತಲಲ್ಲಿಡಬೇಕು.
ಆಮೇಲೆ ಯಂತ್ರದ ಬಾಯಿಗೆ.
ಒಂದೇ ಬಣ್ಣದ ಬೆಳಕು ಆ ಕೆಂಪನ್ನು ಹಾದುಬಂದು
ಎಷ್ಟು ಮುಳುಗಿತು, ಎಷ್ಟು ಉಳಿಯಿತು ಹೇಳುತ್ತದೆ:
ನೂರಾ ಐವತ್ತೆರಡು. ನೂರಾ ಅರವತ್ತು.
ಕೊನೆಯ ಅಂಕಿ ಯಾವಾಗಲೂ ತುಸು ನಡುಗುತ್ತದೆ.
ನಡುಗಿದ್ದನ್ನು ನಾವು ಚೀಟಿಯಲ್ಲಿ ಬರೆಯುವುದಿಲ್ಲ.

ಸೋಮವಾರ, ಗುರುವಾರ, ಬ್ಯಾಡಗಿಯ ಪೇಟೆ ದಿನ
ಆ ಚೀಟಿಗೆ ಕಾದು ನಿಲ್ಲುತ್ತಾರೆ ದಲಾಲರು.
ಚನ್ನವೀರಪ್ಪ ಅಗಡಿಯವರು ಕಣ್ಣಿಗೊತ್ತಿಕೊಂಡೇ ಓದುವುದು.
ಒಂದು ಆಯುಧಪೂಜೆಗೆ ಯಂತ್ರಕ್ಕೂ ಹಚ್ಚಿಬಿಟ್ಟರು ಕುಂಕುಮ;
ಮೂರು ದಿನ ಊರ ಕಾಯೆಲ್ಲ
ಎಂಟು ಅಂಕಿ ಹೆಚ್ಚು ಕೆಂಪು.
ಹತ್ತಿಯಿಂದ ಒರೆಸಿದೆ. ಯಾರಿಗೂ ಹೇಳಲಿಲ್ಲ.

ಅವ್ವನ ಲ್ಯಾಬು ಬೇರೆ.
ಹಿತ್ತಲ ಒಲೆ, ಐದು ಮೆಣಸಿನಕಾಯಿ, ಹಿಡಿ ಉಪ್ಪು,
ಹಳೆ ಕಸಬರಿಗೆಯ ನಾಕು ಕಡ್ಡಿ.
ಕೂಸಿಗೆ ಮೂರು ಸಲ ಇಳಿಸಿ, ಕೆಂಡಕ್ಕೆ ಹಾಕಿ
ಮೂಗು ಚಾಚುತ್ತಾಳೆ.
ಘಾಟು ಬಂದರೆ ಏನೂ ಇಲ್ಲ.
ಬರದಿದ್ದರೆ,
"ನೋಡವಾ, ಎಂಥಾ ನೆದರು! ಹೊಗಿನೂ ನುಂಗೈತಿ."

ಘಾಟು ಬಂದದ್ದೇ ಇಲ್ಲ ನಮ್ಮ ಮನೆಯಲ್ಲಿ.
ಬರುವುದಾದರೂ ಹೇಗೆ?
ನಮ್ಮೂರ ಕಾಯಿ ಬಣ್ಣಕ್ಕೆ ಹುಟ್ಟಿದ್ದು, ಖಾರಕ್ಕಲ್ಲ.
ನೂರು ಸಲ ಹೇಳಿದ್ದೇನೆ.
"ಇರಬೋದು" ಅನ್ನುತ್ತಾಳೆ.
ಅವಳ ಮನೆಯಲ್ಲಿ ಅತಿ ಗಟ್ಟಿಯಾದ ಬಾಗಿಲು ಅದು, ಇರಬೋದು.

ಆ ಶ್ರಾವಣ ಭೂಮಿಕಾಳಿಗೆ ಜ್ವರ.
ಎರಡು ದಿನ ಅವ್ವ ನೆದರ ತೆಗೆದಳು.
ಎರಡು ದಿನ ನಾನು, ಸೀಸನ್ ಜ್ವರ ಎಂದುಕೊಂಡು
ಅಂಗಡಿ ಗುಳಿಗೆ ನುಂಗಿಸಿ ಡ್ಯೂಟಿಗೆ ಹೋದೆ.
(ನನ್ನದನ್ನು ಯಾರೂ ಮೂಢನಂಬಿಕೆ ಅನ್ನಲಿಲ್ಲ.)
ಮೂರನೆಯ ಸಂಜೆ, ಸಿಟ್ಟಿಗೋ ಹಟಕ್ಕೋ,
ಲ್ಯಾಬಿನಿಂದ ಒಂದು ಹಿಡಿ ಗುಂಟೂರು ತಂದು
ಅವಳ ಡಬ್ಬಿಗೆ ಸುರಿದೆ.

ಘಾಟು!
ಪಡಸಾಲೆ, ಅಡುಗೆಮನೆ, ನಡುಮನೆ, ಎಲ್ಲ ಕೆಮ್ಮು.
ಪಕ್ಕದ ರಜಿಯಾಬಿ ಬೈಯುತ್ತ ಕಿಟಕಿ ಮುಚ್ಚಿದಳು.
ಕಣ್ಣಲ್ಲಿ ನೀರು, ಆದರೂ ಗೆದ್ದವಳಂತೆ ನಿಂತೆ
ಅವ್ವನ ಮುಖ ನೋಡುತ್ತ.
ಅವಳು ಸೆರಗಿನಿಂದ ಮೂಗೊರೆಸಿಕೊಂಡಳು.
"ನೆದರಲ್ಲ ಇದು. ಜಡ್ಡು. ಏಳು, ರಿಕ್ಷಾ ಕರಿ."
"ಮುಂಜಾನೆ ಹೋದರಾತು" ಅಂದವಳು ನಾನು.
"ಏಳಂದೆ."

ಹಾವೇರಿಯ ದೊಡ್ಡ ದವಾಖಾನೆ. ಡೆಂಗಿ.
ಮೂವತ್ತೆಂಟು ಸಾವಿರ. ಇಪ್ಪತ್ತೊಂಬತ್ತು.
ಇಪ್ಪತ್ತೆರಡು.
ಅಂಕಿ ಹುಟ್ಟುವ ಮನೆಯ ಒಳಗುಟ್ಟು ಬಲ್ಲ ನಾನು,
ಕೊನೆಗೆ ಏನೇನು ನಡುಗುತ್ತದೆ ಎಂದು ಬಲ್ಲ ನಾನು
ಆ ಚೀಟಿಯನ್ನು ಕಣ್ಣಿಗೊತ್ತಿಕೊಂಡೆ,
ಥೇಟ್ ಅಗಡಿಯವರ ಹಾಗೆ.
ಅವ್ವ ಕೂಸಿನ ದಿಂಬಿನಡಿ ಎಲ್ಲವ್ವನ ಭಂಡಾರ ಇಟ್ಟಳು.
ನಡುರಾತ್ರಿ ಸಲೈನಿನ ಹನಿ ನಿಂತದ್ದನ್ನು ಕಂಡು
ನರ್ಸನ್ನು ಎಬ್ಬಿಸಿದವಳೂ ಅವಳೇ.
"ಇವತ್ತೆಷ್ಟವಾ?" ಕೇಳುತ್ತಿದ್ದಳು, ಪೇಟೆ ಧಾರಣೆ ಕೇಳಿದಂತೆ.
ನಲವತ್ತಾಯಿತು. ಎಂಬತ್ತೊಂದಾಯಿತು.
ಕೂಸು ಚುರುಮುರಿ ಬೇಡಿತು.

ಮನೆಗೆ ಬಂದು ವಾರವಾಗಿರಬೇಕು.
ಅವ್ವ ಮತ್ತೆ ಕೂಲಿಯ ಚೀಲದ ಮುಂದೆ
ತುಂಬು ಬಿಡಿಸುತ್ತ ಕೂತಿದ್ದಳು.
ಮೂವತ್ತೊಂದು ವರ್ಷದಿಂದ ಅದೇ ಕೆಲಸ.
ಕಣ್ಣು ಟೀವಿಯ ಮೇಲೆ,
ಬೆರಳೇ ಆರಿಸುತ್ತಿದ್ದವು: ಇದು ಕಡ್ಡಿ, ಇದು ಡಬ್ಬಿ, ಇದು ಕೊಳೆತದ್ದು.
ನೆರಿಗೆಯಿಲ್ಲದ ನುಣುಪು ಕಾಯೊಂದು ಬಂದರೆ
ನೋಡದೆಯೇ ಪಕ್ಕಕ್ಕೆಸೆಯುತ್ತಿದ್ದಳು.

"ಡಬ್ಯಾಗ ನಿನ್ನ ಗುಂಟೂರ ಕಾಯಿ ಉಳದಾವು,"
ಟೀವಿಗೆ ಹೇಳುವಂತೆ ಹೇಳಿದಳು.
"ಎಣಿಸಿ ತಂದಿದ್ದೇನ? ಒಯ್ದು ಕೊಡು, ಸಾಹೇಬ್ರು ಕೇಳತಾರ."

ಬಾಗಿಲಲ್ಲಿ ನಿಂತೆ, ಚಪ್ಪಲಿ ಒಂದು ಕಾಲಲ್ಲಿ.
ಹಾಗಾದರೆ ಆ ಸಂಜೆ, ಕೆಂಡಕ್ಕೆ ಹಾಕುವ ಮೊದಲೇ...
ಚಟ್, ಚಟ್, ತುಂಬು ಮುರಿಯುವ ಸದ್ದು.
ಹೊಗೆಯೇನೂ ಇರಲಿಲ್ಲ ಮನೆಯಲ್ಲಿ.
ನನಗೆ ಕೆಮ್ಮು ಬಂತು.